ಮನೆ ಕಟ್ಟಿ ನೋಡು: ಊರಿನ ಸಂಬಳದಲ್ಲಿ ಮೊದಲ ಮನೆ ಸಾಧ್ಯವೇ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಎರಡರಲ್ಲಿ ಒಂದನ್ನು ಮುಗಿಸುವಷ್ಟರಲ್ಲೇ ಕೈ ಬರಿದಾಗುತ್ತದೆ ಎಂಬುದು ಅವರ ಅನುಭವದ ಮಾತು. ಇಂದು ನಮ್ಮ ಕರಾವಳಿಯ ಯುವಜನರ ಮುಂದೆ ಇವೆರಡೂ ಒಟ್ಟಿಗೇ ಬಂದು ನಿಂತಿವೆ. ಹುಡುಗ ಊರಿನಲ್ಲೇ ಕೆಲಸದಲ್ಲಿದ್ದಾನೆ ಎಂಬುದು ಒಂದು ಕಾಲದಲ್ಲಿ ಸಂಬಂಧ ಕುದುರಿಸುವಾಗ ಹೆಮ್ಮೆಯ ಮಾತಾಗಿತ್ತು. ಈಗ ಅದರ ಬೆನ್ನಿಗೇ 'ಹಾಗಾದರೆ ಸ್ವಂತ ಮನೆ ಇದೆಯೇ?' ಎಂಬ ಪ್ರಶ್ನೆ ಬರುತ್ತದೆ. ಇಲ್ಲ ಎಂದಾದರೆ ಮದುವೆ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಹುಡುಗ ವಿಮಾನ ಹತ್ತುತ್ತಾನೆ.

ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರ ಸಂಖ್ಯೆ ಕಡಿಮೆಯಾಗುತ್ತಿದೆ, ಗಾಯನ ಮಂಡಳಿಗೆ ಜನರಿಲ್ಲ, ಧರ್ಮೋಪದೇಶ ಕಲಿಸಲು ಶಿಕ್ಷಕರಿಲ್ಲ ಎಂದು ನಾವು ಆಗಾಗ ಚಿಂತಿಸುತ್ತೇವೆ. ಆದರೆ ಊರಿನ ಸಂಬಳದಲ್ಲಿ ಊರಿನಲ್ಲೇ ಒಂದು ಸೂರು ಕಟ್ಟಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಈ ಚಿಂತೆಯ ಜೊತೆ ಸೇರಿಸಿ ನೋಡುವುದು ಅಪರೂಪ. ಇಂದಿನ ಈ ಲೇಖನದ ಉದ್ದೇಶ ಅದೇ.

ಹಿಂದಿನವರ ಮನೆ ಬಂದದ್ದು ಎಲ್ಲಿಂದ?

'ನಾವು ಕಷ್ಟಪಟ್ಟು ಮನೆ ಮಾಡಲಿಲ್ಲವೇ? ಇಂದಿನ ಮಕ್ಕಳಿಗೆ ಮೊಬೈಲು, ಬೈಕು, ಹೋಟೆಲು ಸಾಕು, ಉಳಿತಾಯ ಬೇಡ' ಎಂಬ ಮಾತು ಮನೆಮನೆಯಲ್ಲೂ ಕೇಳಿ ಬರುತ್ತದೆ. ಹಿರಿಯರ ಕಷ್ಟವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅವರ ಮನೆ ನಿಂತ ಜಾಗ ಹೇಗೆ ಬಂತು ಎಂಬುದನ್ನೂ ನೆನಪಿಸಿಕೊಳ್ಳಬೇಕಾಗಿದೆ.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭೂಮಿಯ ಬಹುಭಾಗ ಗೇಣಿಗೆ ಕೊಟ್ಟದ್ದಾಗಿತ್ತು. ದೇವರಾಜ ಅರಸು ಅವರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಭೂ ನ್ಯಾಯ ಮಂಡಳಿಯ ಮೂಲಕ ಉಳುವ ಭೂಮಿಗೆ ಒಡೆಯರಾದರು. ಅವರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳೂ ದೊಡ್ಡ ಸಂಖ್ಯೆಯಲ್ಲಿದ್ದವು. ಜಾಗ ಕೈಗೆ ಬಂದ ಮೇಲೆ ಮುಂಬಯಿಯ ಸಂಪಾದನೆ, ಅನಂತರ ಕೊಲ್ಲಿ ರಾಷ್ಟ್ರಗಳ ಸಂಪಾದನೆ ಹಂಚಿನ ಮನೆಯನ್ನು ತಾರಸಿ ಮನೆಯಾಗಿಸಿತು. ಬೀಡಿ ಕಟ್ಟಿದ ತಾಯಂದಿರ ದುಡ್ಡು ಗೋಡೆಗೆ ಗಾರೆಯಾಯಿತು.

ಅಂದರೆ ಆ ತಲೆಮಾರಿನವರು ದುಡಿದದ್ದು ಮನೆ ಕಟ್ಟಲು. ಬಹುಪಾಲು ಜನರು ಜಾಗಕ್ಕಾಗಿ ಸಂಬಳದ ದುಡ್ಡು ಕೊಡಬೇಕಾಗಿರಲಿಲ್ಲ. ಜಾಗವನ್ನು ಕಾನೂನು ಕೊಟ್ಟಿತು, ಇಲ್ಲವೇ ತಂದೆ ಕೊಟ್ಟರು. ಇಂದಿನ ಯುವಕ ಯುವತಿಯರು ಎರಡಕ್ಕೂ ದುಡಿಯಬೇಕು. ಅವರ ಎದುರಿಗಿರುವ ಬೆಟ್ಟದ ಎತ್ತರ ಬೇರೆಯೇ ಎಂಬುದನ್ನು ಒಪ್ಪಿಕೊಂಡು ಮಾತು ಮುಂದುವರಿಸುವುದು ನ್ಯಾಯ.

ಬೆಲೆ ಕಟ್ಟುವವರು ಯಾರು?

ನಮ್ಮ ಊರಿನ ಅಂಗಡಿಯ ಸಂಬಳವನ್ನು ನಿರ್ಧರಿಸುವುದು ಊರಿನ ವ್ಯಾಪಾರ. ಖಾಸಗಿ ಶಾಲೆಯ ಶಿಕ್ಷಕಿ, ಸಣ್ಣ ಆಸ್ಪತ್ರೆಯ ದಾದಿ, ಬಸ್ಸಿನ ನಿರ್ವಾಹಕ, ಸಹಕಾರಿ ಸಂಘದ ಗುಮಾಸ್ತ, ಇವರೆಲ್ಲರ ಸಂಬಳ ಇಲ್ಲಿನ ಗ್ರಾಹಕರು, ಇಲ್ಲಿನ ಪೋಷಕರು, ಇಲ್ಲಿನ ರೋಗಿಗಳು ಕೊಡಬಲ್ಲ ಹಣದ ಮೇಲೆ ನಿಂತಿದೆ. ಆದರೆ ಅದೇ ಊರಿನ ಐದು ಸೆಂಟ್ಸ್ ಜಾಗದ ಬೆಲೆಯನ್ನು ನಿರ್ಧರಿಸುವುದು ದುಬೈ, ಕುವೈಟ್, ಇಸ್ರೇಲ್, ಕೆನಡಾ, ಬೆಂಗಳೂರುಗಳ ಸಂಪಾದನೆ. ಸಂಬಳ ಇಲ್ಲಿಯದು, ಬೆಲೆ ಅಲ್ಲಿಯದು. ಈ ಎರಡರ ನಡುವೆ ನಮ್ಮ ಯುವ ಕುಟುಂಬ ಸಿಕ್ಕಿಕೊಂಡಿದೆ.

ಹೊರಗೆ ದುಡಿಯುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರ ಬೆವರಿನಿಂದಲೇ ನಮ್ಮ ಎಷ್ಟೋ ಚರ್ಚುಗಳು, ಶಾಲೆಗಳು ಎದ್ದು ನಿಂತಿವೆ. ಆದರೆ ಜಾಗವು ವಾಸಕ್ಕಿಂತ ಹೆಚ್ಚಾಗಿ ಹಣ ಹೂಡುವ ವಸ್ತುವಾದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. 2020ರ ಭೂಸುಧಾರಣಾ ತಿದ್ದುಪಡಿಯು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕಿದ್ದ ತಡೆಗಳನ್ನು ತೆಗೆದುಹಾಕಿತು. ಇದರಿಂದ ಕೊಳ್ಳುವವರ ಸಾಲು ಇನ್ನಷ್ಟು ಉದ್ದವಾಯಿತು. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಎಲ್ಲ ಸೇರಿ ಜಾಗ ಕೊಳ್ಳುವವನು ಸರಕಾರಕ್ಕೆ ಕಟ್ಟಬೇಕಾದದ್ದು ಈಗ ಸುಮಾರು ಶೇ. 7.6. ಅದೇ 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪು ಕಲ್ಲು ಮತ್ತು ಮರಳಿನ ಅಭಾವ ಉಂಟಾಗಿ ಅರ್ಧ ಎದ್ದ ಗೋಡೆಗಳು ಹಾಗೆಯೇ ನಿಂತವು. ಮೇಸ್ತ್ರಿಗಳಿಗೂ ಕೂಲಿಯವರಿಗೂ ಕೆಲಸವಿಲ್ಲದಾಯಿತು. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಒಂದಿಷ್ಟು ಸಮಾಧಾನದ ಸಂಗತಿ.

ಇನ್ನೊಂದೆಡೆ ಬೀಗ ಹಾಕಿದ ಮನೆಗಳು! 2011ರ ಜನಗಣತಿಯಂತೆ ದೇಶದ ನಗರ ಪ್ರದೇಶಗಳಲ್ಲೇ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷ, 2012ರಲ್ಲಿ, ಕೇಂದ್ರ ಸರಕಾರದ ತಾಂತ್ರಿಕ ಸಮಿತಿಯು ನಗರಗಳಲ್ಲಿ 1.87 ಕೋಟಿಗೂ ಹೆಚ್ಚು ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತು. ಆ ಕೊರತೆಯಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಬಡವರದ್ದು ಮತ್ತು ಕಡಿಮೆ ಆದಾಯದವರದ್ದು. ಕಟ್ಟಿದ ಮನೆಗಳಿವೆ, ಮನೆ ಬೇಕಾದವರೂ ಇದ್ದಾರೆ. ಆದರೆ ಒಬ್ಬರು ಇನ್ನೊಬ್ಬರನ್ನು ಮುಟ್ಟುವುದಿಲ್ಲ. ನಮ್ಮ ವಾಳೆಗಳಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿದ್ದು, ಹಬ್ಬಕ್ಕೊಮ್ಮೆ ಮಾತ್ರ ದೀಪ ಹೊತ್ತುವ ಮನೆಗಳು ಎಷ್ಟಿವೆ ಎಂಬುದನ್ನು ಗುರಿಕಾರರು ಬೆರಳೆಣಿಸಿ ಹೇಳಬಲ್ಲರು.

ಒಂದು ಸರಳ ಲೆಕ್ಕ

ಮಾತಿಗಿಂತ ಲೆಕ್ಕ ಹೆಚ್ಚು ಸ್ಪಷ್ಟ. ಇಲ್ಲಿ ಕೊಡುವ ಬೆಲೆಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮ ಊರಿನ ಬೆಲೆ, ತಮ್ಮ ಸಂಬಳ ಹಾಕಿ ನೋಡಬಹುದು.

ಗಂಡನಿಗೆ ತಿಂಗಳಿಗೆ 18 ಸಾವಿರ, ಹೆಂಡತಿಗೆ 14 ಸಾವಿರ, ಒಟ್ಟು 32 ಸಾವಿರ ರೂ. ಸಂಬಳ ಎಂದಿಟ್ಟುಕೊಳ್ಳೋಣ. ಪಟ್ಟಣದಿಂದ ಸ್ವಲ್ಪ ಹೊರಗೆ ಸೆಂಟ್ಸ್‌ಗೆ 3 ಲಕ್ಷದಂತೆ ಐದು ಸೆಂಟ್ಸ್‌ಗೆ 15 ಲಕ್ಷ. ನೋಂದಣಿ ಖರ್ಚು ಸುಮಾರು 1.14 ಲಕ್ಷ. ಚದರ ಅಡಿಗೆ 2 ಸಾವಿರದಂತೆ 800 ಚದರ ಅಡಿಯ ಮನೆಗೆ 16 ಲಕ್ಷ. ಬಾವಿ, ವಿದ್ಯುತ್ ಸಂಪರ್ಕ, ಪರವಾನಿಗೆಗಳಿಗೆ ಒಂದೂಕಾಲು ಲಕ್ಷ. ಒಟ್ಟು 33 ಲಕ್ಷ ದಾಟುತ್ತದೆ.

ಇವರು ತಿಂಗಳಿಗೆ 14 ಸಾವಿರ ಕಂತು ಕಟ್ಟಬಲ್ಲರು ಎಂದಾದರೆ, ಶೇ. 8.5 ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಸಿಗುವ ಸಾಲ ಸುಮಾರು 16 ಲಕ್ಷ. ಉಳಿದ 17 ಲಕ್ಷ ಕೈಯಿಂದ ಹಾಕಬೇಕು. ತಿಂಗಳಿಗೆ 5 ಸಾವಿರ ತಪ್ಪದೆ ಉಳಿಸಿದರೂ ಬಡ್ಡಿ ಬಿಟ್ಟು ಅಷ್ಟು ಕೂಡಿಸಲು 28 ವರ್ಷ ಬೇಕು! ಅಷ್ಟರಲ್ಲಿ ಮಕ್ಕಳ ಮದುವೆಯ ವಯಸ್ಸಾಗಿರುತ್ತದೆ, ಜಾಗದ ಬೆಲೆ ಎಲ್ಲಿಗೆ ಹೋಗಿರುತ್ತದೋ ಹೇಳುವವರಿಲ್ಲ. ಈ ದಂಪತಿಗೆ ಉಳಿತಾಯದ ಬುದ್ಧಿ ಇಲ್ಲ ಎಂದು ಯಾರಾದರೂ ಹೇಳಬಹುದೇ?

ಈಗ ಇದೇ ದಂಪತಿಗೆ ಹೆತ್ತವರು ತಮ್ಮ ಹಿತ್ತಿಲಿನ ಐದು ಸೆಂಟ್ಸ್ ಜಾಗವನ್ನು ದಾನಪತ್ರ ಮಾಡಿ ಕೊಟ್ಟರು ಎಂದು ಭಾವಿಸೋಣ. ಮನೆಯನ್ನು 650 ಚದರ ಅಡಿಗೆ ಇಳಿಸಿದರೆ 13 ಲಕ್ಷ, ಇತರ ಖರ್ಚು ಒಂದೂವರೆ ಲಕ್ಷ. ಹತ್ತು ಲಕ್ಷ ಸಾಲಕ್ಕೆ ಕಂತು 8,678 ರೂ. ಕೈಯಿಂದ ಬೇಕಾದದ್ದು ನಾಲ್ಕೂವರೆ ಲಕ್ಷ. ಒಂದು ಸಾಧಾರಣ ಮದುವೆಯ ಹಾಲು, ಊಟ, ಬ್ಯಾಂಡು, ಅಲಂಕಾರ, ರೋಸ್ ಎಲ್ಲ ಸೇರಿದರೆ ಇಷ್ಟು ಖರ್ಚಾಗುವುದನ್ನು ನಾವೆಲ್ಲ ಕಂಡವರೇ. ಅಸಾಧ್ಯವಾಗಿದ್ದದ್ದು ಕಷ್ಟಸಾಧ್ಯವಾಯಿತು. ವ್ಯತ್ಯಾಸವೆಲ್ಲ ಇರುವುದು ಜಾಗದಲ್ಲಿ.

ಸರಕಾರದ ಯೋಜನೆ ಎಲ್ಲಿಯ ತನಕ?

ಯೋಜನೆಗಳಿಲ್ಲವೆಂದಲ್ಲ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂ. ನಿಗದಿಯಾಗಿದೆ. ಮೇಲಿನ ಲೆಕ್ಕದಲ್ಲಿ ಅದು 60 ಚದರ ಅಡಿಗೆ ಸಾಕಾಗುತ್ತದೆ, ಅಂದರೆ ಒಂದು ಸಣ್ಣ ಅಡುಗೆ ಕೋಣೆಗೆ. ನಗರ ವಿಭಾಗದ ಎರಡನೇ ಹಂತ 2024ರ ಸೆಪ್ಟೆಂಬರ್ 1ರಿಂದ ಆರಂಭವಾಗಿದೆ. ಅದರಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟುವ ಸಹಾಯಧನ ವರ್ಷಕ್ಕೆ 3 ಲಕ್ಷದೊಳಗಿನ ಆದಾಯದವರಿಗೆ. ನಮ್ಮ ಉದಾಹರಣೆಯ ದಂಪತಿಯ ಆದಾಯ 3.84 ಲಕ್ಷ, ಅವರು ಅದರಿಂದ ಹೊರಗೆ.

ಆದರೆ ಅದೇ ಯೋಜನೆಯಲ್ಲಿ ಬಡ್ಡಿ ಸಹಾಯಧನದ ವಿಭಾಗವೊಂದಿದೆ. ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ಮನೆಯ ಬೆಲೆ 35 ಲಕ್ಷ ಮತ್ತು ಸಾಲ 25 ಲಕ್ಷ ಮೀರದಿದ್ದರೆ, ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರ ಸಹಾಯಧನ ದೊರೆಯುತ್ತದೆ. ಗರಿಷ್ಠ 1.80 ಲಕ್ಷ ರೂ. ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ. ಕುಟುಂಬದ ಯಾರ ಹೆಸರಿನಲ್ಲೂ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಇದು ಪುರಸಭೆ, ನಗರಸಭೆ, ಪಾಲಿಕೆಗಳ ಮಟ್ಟದ ಯೋಜನೆಯಾದ್ದರಿಂದ ತಮ್ಮ ಜಾಗ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಬೇಕು. ಮೊತ್ತ ದೊಡ್ಡದಲ್ಲದಿದ್ದರೂ ಅರ್ಹರಾದವರು ಬಿಡಬಾರದು.

ಒಟ್ಟಿನಲ್ಲಿ ದಾನ ಪಡೆಯುವಷ್ಟು ಬಡವರಲ್ಲ, ಬ್ಯಾಂಕು ಮೆಚ್ಚುವಷ್ಟು ಶ್ರೀಮಂತರಲ್ಲ ಎಂಬ ಒಂದು ವರ್ಗ ನಮ್ಮಲ್ಲಿ ಬೆಳೆದಿದೆ. ಭಾನುವಾರದ ಪೂಜೆಗೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಬರುವ ಇವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಡತದಲ್ಲಿ ಸಿಕ್ಕಿಕೊಂಡ ಐದು ಸೆಂಟ್ಸ್

ಹೆತ್ತವರು ಕೊಟ್ಟ ಜಾಗ ಎಂದು ಹೇಳಿದೆವು. ಆದರೆ ಅದು ಕಾಗದದಲ್ಲಿ ಯಾರದ್ದು? ಎಷ್ಟೋ ಕುಟುಂಬಗಳಲ್ಲಿ ಆರ್‌ಟಿಸಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ, ಪಾಲುಪಟ್ಟಿ ಆಗಿಲ್ಲ. ಒಬ್ಬ ಚಿಕ್ಕಪ್ಪ ಮುಂಬಯಿಯಲ್ಲಿ, ಒಬ್ಬ ಅತ್ತೆ ಲಂಡನ್ನಿನಲ್ಲಿ, ಸಹಿಗಾಗಿ ವರ್ಷಗಟ್ಟಲೆ ಕಾಯುವುದು. ಆ ಜಾಗದ ಮೇಲೆ ಬ್ಯಾಂಕು ಒಂದು ರೂಪಾಯಿ ಸಾಲ ಕೊಡುವುದಿಲ್ಲ.

ಹೆಸರು ಸರಿ ಇದ್ದರೂ ಕೃಷಿ ಭೂಮಿಯಿಂದ ಐದು ಸೆಂಟ್ಸ್ ಬೇರ್ಪಡಿಸಲು 11ಇ ನಕ್ಷೆ, ಭೂಪರಿವರ್ತನೆ, ಏಕನಿವೇಶನ ವಿನ್ಯಾಸಕ್ಕೆ ಅನುಮೋದನೆ, ಪಂಚಾಯತಿನ 9/11 ಅಥವಾ ಪಟ್ಟಣದ ಇ-ಖಾತಾ, ಕೊನೆಗೆ ಕಟ್ಟಡ ಪರವಾನಿಗೆ. ಮನೆಗೆ ಹೋಗುವ ದಾರಿ ಸಾಕಷ್ಟು ಅಗಲವಿಲ್ಲದಿದ್ದರೆ ಅಲ್ಲಿಗೇ ತಡೆ. ಸಮುದ್ರ ಅಥವಾ ಹೊಳೆಯ ದಡದಲ್ಲಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು. ತಿಂಗಳ ಸಂಬಳ ಕಳೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದು ದಿನಗೂಲಿಯವನಿಗೆ ಮನೆಗಿಂತ ದುಬಾರಿ.

ಆದ್ದರಿಂದ ಹೆತ್ತವರಲ್ಲಿ ನಮ್ಮ ಮೊದಲ ವಿನಂತಿ: ಪಾಲಿನ ವಿಷಯವನ್ನು ಬದುಕಿರುವಾಗಲೇ ಇತ್ಯರ್ಥ ಮಾಡಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಮೊತ್ತದಲ್ಲಿದೆ. ಮಾರಾಟಕ್ಕೆ ಹೋಲಿಸಿದರೆ ಬಹಳ ಕಡಿಮೆ. ವೀಲುನಾಮೆಗೆ ಇಬ್ಬರು ಸಾಕ್ಷಿಗಳು ಸಾಕು. ವೀಲುನಾಮೆ ಇಲ್ಲದೆ ತೀರಿಹೋದರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅದರಂತೆ ತೀರಿಹೋದವರ ಪತ್ನಿಗೆ ಅಥವಾ ಪತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಪಾಲು. ಹೆಣ್ಣುಮಕ್ಕಳು ಗಂಡುಮಕ್ಕಳು ಎಂಬ ಭೇದವಿಲ್ಲ. 'ಮದುವೆ ಮಾಡಿ ಕೊಟ್ಟಾಯಿತಲ್ಲ' ಎಂಬ ಮಾತು ಕಾನೂನಿನ ಮುಂದೆ ನಿಲ್ಲದು, ಸುವಾರ್ತೆಯ ಮುಂದೆಯೂ ನಿಲ್ಲದು.

ಸಾಲ ಮಾಡುವ ಮುನ್ನ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದ್ದು ಸಂತ ಲೂಕರ ಸುವಾರ್ತೆಯಲ್ಲಿದೆ. ಆ ಮಾತು ಗೃಹಸಾಲಕ್ಕೂ ಸಲ್ಲುತ್ತದೆ.

ಕಂತು ಕಡಿಮೆಯಾಗಲಿ ಎಂದು ಅವಧಿಯನ್ನು ಉದ್ದ ಮಾಡುವವರು ಗಮನಿಸಬೇಕು. ಹತ್ತು ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿಯಲ್ಲಿ 15 ವರ್ಷಕ್ಕೆ ಕಂತು 9,847 ರೂ., 30 ವರ್ಷಕ್ಕೆ 7,689 ರೂ. ತಿಂಗಳಿಗೆ 2,158 ರೂ. ಹಗುರವಾದಂತೆ ಕಾಣುತ್ತದೆ. ಆದರೆ ಒಟ್ಟು ಕಟ್ಟುವ ಮೊತ್ತ 17.7 ಲಕ್ಷದ ಬದಲು 27.7 ಲಕ್ಷ! ಹತ್ತು ಲಕ್ಷದ ಇನ್ನೊಂದು ಮನೆಯನ್ನೇ ಬ್ಯಾಂಕಿಗೆ ಕಟ್ಟಿಕೊಟ್ಟಂತೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ವೈಯಕ್ತಿಕ ಸಾಲಗಾರರಿಂದ ದಂಡ ಪಡೆಯುವಂತಿಲ್ಲ. ಬೋನಸ್ ಬಂದಾಗ, ಅಡಿಕೆ ಮಾರಿದಾಗ ಒಂದಿಷ್ಟು ಅಸಲಿಗೆ ಕಟ್ಟುವುದು ಜಾಣತನ. ರಿಸರ್ವ್ ಬ್ಯಾಂಕು 2025ರ ಫೆಬ್ರವರಿ ಮತ್ತು ಜೂನ್ ನಡುವೆ ರೆಪೊ ದರವನ್ನು ಶೇ. 6.50ರಿಂದ 5.50ಕ್ಕೆ ಇಳಿಸಿತು. ಅದರ ಲಾಭ ತಮ್ಮ ಖಾತೆಗೆ ಬಂದಿದೆಯೇ ಎಂದು ಹಳೆಯ ಸಾಲಗಾರರು ಬ್ಯಾಂಕಿಗೆ ಹೋಗಿ ಕೇಳಬೇಕು.

ಮೂವತ್ತು ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಬೆಲೆಯ ಶೇ. 90ರ ವರೆಗೆ ಕೊಡಬಹುದು. ಉಳಿದ ಹತ್ತನ್ನು ವೈಯಕ್ತಿಕ ಸಾಲ, ಚಿನ್ನದ ಸಾಲ, ಕೈಸಾಲಗಳಿಂದ ತುಂಬಿಸುವವರು ಸೋಲುವ ಅಪಾಯ ಹೆಚ್ಚು. ಫ್ಲ್ಯಾಟು ಕೊಳ್ಳುವವರು ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು. 2016ರ ಆ ಕಾಯಿದೆಯಂತೆ ನೋಂದಾಯಿತ ಕರಾರು ಮಾಡಿಕೊಳ್ಳದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ಸ್ವಂತ ಜಾಗವಿದ್ದವರು ಇಡೀ ಮನೆಗೆ ಪಂಚಾಂಗ ಹಾಕಿ, ಎರಡು ಕೋಣೆ, ಅಡುಗೆಮನೆ, ಶೌಚಾಲಯ ಮುಗಿಸಿ ಒಕ್ಕಲಾಗಬಹುದು. ಉಳಿದದ್ದು ಐದು ವರ್ಷದ ಅನಂತರ. ನೆರೆಮನೆಯ ಎತ್ತರ ನೋಡಿ ನಮ್ಮ ಮನೆಯ ಎತ್ತರ ನಿರ್ಧರಿಸುವುದು ಬೇಡ. ಗಾರೆಯಾಗದ ಗೋಡೆಯ ಮನೆಯಲ್ಲೂ ಕುಟುಂಬ ಪ್ರಾರ್ಥನೆ ನಡೆಯುತ್ತದೆ.

ಧರ್ಮಸಭೆಯ ಮುಂದಿರುವ ಪ್ರಶ್ನೆ

ಇದುವರೆಗೆ ಕುಟುಂಬಗಳಿಗೆ ಹೇಳಿದೆವು. ಈಗ ಧರ್ಮಸಭೆಯಾಗಿ ನಮ್ಮ ಪಾಲೇನು ಎಂದು ಕೇಳಬೇಕಾಗಿದೆ.

ಜಗದ್ಗುರು 13ನೇ ಲಿಯೋ ಅವರು 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಕೆಲಸಗಾರನಿಗೆ ಹೊಟ್ಟೆ ತುಂಬುವಷ್ಟೇ ಅಲ್ಲ, ಮಿತವಾಗಿ ಬದುಕಿ ಒಂದಿಷ್ಟು ಉಳಿಸಿ ಸ್ವಂತದ್ದೊಂದನ್ನು ಮಾಡಿಕೊಳ್ಳುವಷ್ಟು ಸಂಬಳ ಸಿಗಬೇಕೆಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಳ್ಳಲು ಈ ವಿಶ್ವಪತ್ರವೂ ಕಾರಣವೆಂದು ಹೇಳಿದ್ದಾರೆ. ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲಾವ್ದಾತೊ ಸಿ'ಯಲ್ಲಿ ಮನೆ ಹೊಂದುವುದನ್ನು ವ್ಯಕ್ತಿಯ ಘನತೆಗೂ ಕುಟುಂಬದ ಬೆಳವಣಿಗೆಗೂ ಜೋಡಿಸಿ ಮಾತನಾಡಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೇ ಕಲಮು ಇನ್ನೂ ನೇರವಾಗಿದೆ: ಧರ್ಮಸಭೆಯ ಆಸ್ತಿಯನ್ನು ನೋಡಿಕೊಳ್ಳುವವರು ತಮ್ಮಲ್ಲಿ ದುಡಿಯುವವರಿಗೆ, ಅವರೂ ಅವರ ಅವಲಂಬಿತರೂ ಯೋಗ್ಯವಾಗಿ ಬದುಕುವಷ್ಟು ನ್ಯಾಯವಾದ ವೇತನ ಕೊಡಬೇಕು.

ಕರಾವಳಿಯಲ್ಲಿ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ಮೂಲಕ ಧರ್ಮಸಭೆ ದೊಡ್ಡ ಉದ್ಯೋಗದಾತ. ಆದ್ದರಿಂದ ಪ್ರತಿ ಸಂಸ್ಥೆಯ ಆಡಳಿತ ಮಂಡಳಿ ಒಂದು ಲೆಕ್ಕ ಮಾಡಲಿ: ನಮ್ಮಲ್ಲಿ ಹತ್ತು ವರ್ಷ ದುಡಿದ ಅನುದಾನರಹಿತ ಶಿಕ್ಷಕಿ, ದಾದಿ, ಚರ್ಚಿನ ಮಿರೋಣಿ ತಮ್ಮ ಸಂಬಳದಿಂದ 650 ಚದರ ಅಡಿಯ ಮನೆಯ ಕಂತು ಕಟ್ಟಬಲ್ಲರೇ? ಶುಲ್ಕ ಏರಿಸದೆ ಸಂಬಳ ಏರಿಸುವುದು ಸುಲಭವಲ್ಲ. ಬಡ ಪೋಷಕರ ಮೇಲೆ ಹೊರೆ ಹಾಕಲೂ ಆಗದು. ಆದರೂ ಹೊಸ ಕಟ್ಟಡ, ಹೊಸ ಸಭಾಂಗಣದ ಯೋಜನೆ ಬಂದಾಗ ಈ ಪ್ರಶ್ನೆಗೂ ಮೇಜಿನ ಮೇಲೆ ಒಂದು ಸ್ಥಾನ ಇರಬೇಕು.

ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಕಡುಬಡವರಿಗೆ ಮನೆ ಕಟ್ಟಿಕೊಡುವ ಪುಣ್ಯಕಾರ್ಯ ಮಾಡುತ್ತಾ ಬಂದಿದ್ದಾರೆ. ನಾವು ಹೇಳಿದ ನಡುವಿನ ವರ್ಗಕ್ಕೆ ಬೇಕಾದದ್ದು ದಾನವಲ್ಲ, ಆಸರೆ. ಹಣವಿಲ್ಲದೆಯೂ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸಗಳಿವೆ. ತಿಂಗಳಿಗೊಂದು ಭಾನುವಾರ ಪೂಜೆಯ ಬಳಿಕ ನಿವೃತ್ತ ಕಂದಾಯ ನೌಕರರು, ಬ್ಯಾಂಕಿನವರು, ವಕೀಲರು, ಇಂಜಿನಿಯರರು ಕುಳಿತು ಜನರ ಕಾಗದಪತ್ರ ನೋಡಿಕೊಡಬಹುದು. ಬೀಗ ಹಾಕಿದ ಮನೆಗಳ ಮಾಲಕರಿಗೂ ಬಾಡಿಗೆಗೆ ಮನೆ ಹುಡುಕುವ ದಂಪತಿಗಳಿಗೂ ನಡುವೆ, ಸರಿಯಾದ ಲಿಖಿತ ಕರಾರಿನೊಂದಿಗೆ, ವಾಳೆಯ ಗುರಿಕಾರರು ಸೇತುವೆಯಾಗಬಹುದು. ಬಾಡಿಗೆ ಮನೆಯಲ್ಲಿ ಐದು ವರ್ಷ ನೆಮ್ಮದಿಯಿಂದ ಇದ್ದು ಉಳಿಸುವುದು ಅವಮಾನವಲ್ಲ. ಮದುವೆಯ ಖರ್ಚು ಇಳಿಸಿ ಆ ಹಣವನ್ನು ಮನೆಗೆ ಇಡುವ ಜೋಡಿಯನ್ನು ಧರ್ಮಗುರುಗಳು ಮುಕ್ತವಾಗಿ ಬೆಂಬಲಿಸಬಹುದು. ಇಂಥ ಒಂದು ಸರಳ ಮದುವೆ ಮುಂದಿನ ಹತ್ತು ಮನೆಯವರಿಗೆ ಧೈರ್ಯ ಕೊಡುತ್ತದೆ.

ಪಾಲು ಸಿಗಬೇಕಾದ ಸಹೋದರ ಸಹೋದರಿಯರ ನಡುವೆ ಮಾತುಕತೆ ನಿಂತುಹೋದ ಕಡೆ ಮನೆಗಳ ಆಶೀರ್ವಾದಕ್ಕೆ ಹೋಗುವ ಗುರುಗಳಿಗೆ ಇನ್ನೊಂದು ಕೆಲಸವೂ ಇದೆ: ಅವರನ್ನು ಒಂದೇ ಮೇಜಿನ ಸುತ್ತ ಕೂರಿಸುವುದು. ಕಚೇರಿಯಲ್ಲಿ ಬಗೆಹರಿಯದ ಎಷ್ಟೋ ಗಡಿಗಳು ಹಾಗೆ ಬಗೆಹರಿದಿವೆ.

ಪ್ರಿಯ ಓದುಗರೇ, ಜಾಗದ ಬೆಲೆ ಇಳಿಸುವ ಶಕ್ತಿ ನಮ್ಮಲ್ಲಿಲ್ಲ. ಆದರೆ ಕಾಗದ ಸರಿಪಡಿಸುವ, ಪಾಲು ಕೊಡುವ, ಮನೆಯನ್ನು ಚಿಕ್ಕದಾಗಿಸುವ, ಬೀಗ ತೆಗೆಯುವ, ನ್ಯಾಯವಾದ ಸಂಬಳ ಕೊಡುವ ಶಕ್ತಿ ನಮ್ಮ ನಮ್ಮ ಕೈಯಲ್ಲಿದೆ. ಮುಂದಿನ ಪಾಲನಾ ಪರಿಷತ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ. ನಮ್ಮ ವಾಳೆಯಲ್ಲಿ ಬಾಡಿಗೆಗಿರುವ ಯುವ ಕುಟುಂಬಗಳೆಷ್ಟು, ಪಾಲಾಗದ ಜಾಗಗಳೆಷ್ಟು, ಬೀಗ ಹಾಕಿದ ಮನೆಗಳೆಷ್ಟು ಎಂಬ ಮೂರು ಸಂಖ್ಯೆಗಳನ್ನು ಬರೆದು ತರುವಂತೆ ಗುರಿಕಾರರನ್ನು ಕೇಳಿಕೊಳ್ಳೋಣ. ಅಲ್ಲಿಂದ ಕೆಲಸ ಆರಂಭವಾಗಲಿ. ತಂಗಲು ಸ್ಥಳವಿಲ್ಲದೆ ಬೆತ್ಲೆಹೇಮಿನಲ್ಲಿ ಅಲೆದ ಪವಿತ್ರ ಕುಟುಂಬವು ಈ ಪ್ರಯತ್ನವನ್ನು ಹರಸಲಿ.